ಒತ್ತಕ್ಷರ

ಅರಸೀಕೆರೆ ತಾಲ್ಲೂಕು ಕಚೇರಿ ಮುಂದೆ, ಹೊಂಗೆಯ ಬುಡದಲ್ಲಿ
ಮೂವತ್ತೊಂದು ವರ್ಷ ಟೈಪು ಹೊಡೆದವಳು ನಾನು.
ಎಷ್ಟು ಜನರ ಅಳು ನನ್ನ ರಿಬ್ಬನ್ನಿನ ಮೇಲೆ ಹಾದುಹೋಯಿತೋ
ಲೆಕ್ಕವಿಟ್ಟಿಲ್ಲ. ಪುಟಕ್ಕಿಷ್ಟು ಅಂತ ಇಸಕೊಂಡಿದ್ದೇನೆ,
ಕಾರ್ಬನ್ ಕಾಪಿಗೆ ಬೇರೆ.

ಕೊನೆಯ ಸಾಲು ಬೆರಳಿಗೇ ಬಾಯಿಪಾಠ:
‘ಕೃಪೆ ತೋರಿ ಕಾಪಾಡಬೇಕಾಗಿ ಬೇಡಿಕೊಳ್ಳುವ...’
ಬೇಡಿಕೊಳ್ಳದ ಅರ್ಜಿಯನ್ನು ನಾನು ಹೊಡೆದದ್ದೇ ಇಲ್ಲ.

ಈಗ ರೈಲ್ವೆ ಗೇಟಿನಾಚೆ, ಈ ಹಳದಿ ಕಟ್ಟಡದಲ್ಲಿ
ಇಪ್ಪತ್ತೆರಡು ಮಂಚ. ಒಂಬತ್ತನೆಯದು ನನ್ನದು.
ರಾತ್ರಿ ಎಂಟಕ್ಕೆ ಹೊರಗಿನಿಂದ ಚಿಲಕ.
ಹುಬ್ಬಳ್ಳಿ ಗಾಡಿ ಬಂದು ನಿಂತು ಹೋದದ್ದು ಕೇಳುತ್ತದೆ,
ಯಾರು ಇಳಿದರು, ಯಾರು ಹತ್ತಿದರು, ಗೊತ್ತಾಗುವುದಿಲ್ಲ.

ದ್ಯಾವಮ್ಮನ ಪಿಂಚಣಿ ಪಾಸ್‌ಬುಕ್ಕು ಆಫೀಸಿನ ಬೀರುವಿನಲ್ಲಿ.
ಫ್ಲೋರಿನ್ ಬಾಯಿಯ ತಂಗಿ ಸಕಲೇಶಪುರದಿಂದ ಎರಡು ಬಸ್ಸು ಬದಲಿಸಿ ಬಂದರೆ
‘ಭಾನುವಾರ ಮಾತ್ರ’ ಅಂತ ಬೋರ್ಡು ತೋರಿಸಿ ಕಳಿಸಿದರು;
ತಂದಿದ್ದ ಕಿತ್ತಳೆ ಗೇಟಿನ ಮೇಲೇ ಉಳಿಯಿತು.
ಶಫೀವುಲ್ಲಾ ಸಾಹೇಬರು ಮಧ್ಯಾಹ್ನದ ಬಿಳಿ ಗುಳಿಗೆ ನುಂಗಿದರೆ
ಸಂಜೆಯ ನಮಾಜಿಗೆ ಎಚ್ಚರವಾಗುವುದಿಲ್ಲ.
ಯಾತಕ್ಕಮ್ಮ ಇದು ಅಂತ ಕೇಳಿದ್ದಕ್ಕೆ
‘ನಿಮ್ಮ ಒಳ್ಳೇದಕ್ಕೆ.’

ಎಲ್ಲದಕ್ಕೂ ಕಾಗದವಿದೆ. ಸೇರಿದ ದಿನ
ಪೆನ್ನು ಹಿಡಿಯಬಲ್ಲವರದು ಸಹಿ, ಮಿಕ್ಕವರದು ಹೆಬ್ಬೆಟ್ಟು.
ನಾನೂ ಓದದೇ ಹಾಕಿದೆ —
‘ಓದಿಸಿ, ಕೇಳಿ, ಒಪ್ಪಿ, ಸಹಿ ಮಾಡಿರುತ್ತೇನೆ’ ಎಂದು
ಸಾವಿರ ಸಲ ಕುಟ್ಟಿದ ಇದೇ ಕೈ.

‘ಬರಿಯಕ್ಕ’ ಅಂದಳು ದ್ಯಾವಮ್ಮ ಒಂದು ರಾತ್ರಿ.
ಮೆಷಿನ್ನು ಎಂದೋ ಗುಜರಿಗೆ ಹೋಗಿತ್ತು.
ಕೊಬ್ಬರಿ ಮಂಡಿಯವರು ಹಂಚಿದ ಕ್ಯಾಲೆಂಡರಿನ ಬೆನ್ನ ಮೇಲೆ
ಬರೆದೆ: ಗೆ, ಉಪವಿಭಾಗಾಧಿಕಾರಿಗಳು, ಹಾಸನ.
ನಮ್ಮ ಪಾಸ್‌ಬುಕ್ಕು ನಮ್ಮ ದಿಂಬಿನಡಿ ಇರತಕ್ಕದ್ದು.
ನಮ್ಮನ್ನು ನೋಡಬಂದವರು ನಮ್ಮ ಮುಖ ನೋಡಿಯೇ ಹೋಗತಕ್ಕದ್ದು.
ಗುಳಿಗೆಗೆ ಒಂದು ಹೆಸರು ಇರತಕ್ಕದ್ದು.

‘ಚಿಲಕದ ವಿಷಯ ಬೇಡಿ’ ಅಂದರು ಮರಿಸಿದ್ದಯ್ಯ, ಗೋಡೆಗೆ ಮುಖ ಮಾಡಿ.
ಚಿಲಕ ಬಂದದ್ದೇ ಅವರಿಂದ. ಕಾರ್ತಿಕದಲ್ಲಿ ಒಮ್ಮೆ
ನಿದ್ದೆಗಣ್ಣಲ್ಲಿ ಹಳಿಯ ತನಕ ನಡೆದುಬಿಟ್ಟಿದ್ದರು;
ವಾರ್ಡನ್ ಚಂದ್ರಿಕಾ ಬರಿಗಾಲಲ್ಲಿ ಜಲ್ಲಿಯ ಮೇಲೆ ಓಡಿ
ಅಂಗಿ ಹಿಡಿದು ಎಳೆದು ತಂದಿದ್ದಳು.
ಅಲ್ಲಿಗೆ ಬಂದು ಪೆನ್ನು ನಿಂತಿತು.
‘ಚಿಲಕ ಒಳಗಿನಿಂದಲೂ ತೆಗೆಯುವಂತಿರಲಿ’ ಅಂತ ಬರೆದೆ,
ಹೊಡೆದು ಹಾಕಿದೆ,
ಮರಿಸಿದ್ದಯ್ಯನ ಗೊರಕೆ ಕೇಳಿದ ಮೇಲೆ ಮತ್ತೆ ಬರೆದೆ.

ಕೊನೆಗೆ ಕೈ ತನ್ನಷ್ಟಕ್ಕೆ ‘ಕೃಪೆ’ ಎಂದು ಶುರುಮಾಡಿತು.
ಕಾಟು ಹಾಕಿದೆ. ಪಕ್ಕದಲ್ಲಿ ಬರೆದೆ: ‘ಹಕ್ಕು’.
ನನ್ನ ಮೆಷಿನ್ನಿನಲ್ಲಿ ಆ ಕ ಒತ್ತು ಸದಾ ಮಸುಕು,
ಎರಡೆರಡು ಸಲ ಕುಟ್ಟಬೇಕಿತ್ತು.
ಒತ್ತು ಬೀಳದಿದ್ದರೆ ಅದು ಬರೀ ಒಂದು ಬಿಕ್ಕಳಿಕೆ.

ಬೆಳಿಗ್ಗೆ ಕಾಫಿ ಹಂಚುತ್ತ ಚಂದ್ರಿಕಾ ಹಾಳೆ ನೋಡಿದಳು.
ಕೆಟಲ್ಲು ಕೆಳಗಿಟ್ಟು, ನಿಂತೇ ಓದಿದಳು.
ಗುಳಿಗೆಯ ಸಾಲಿನಲ್ಲಿ ಸ್ವಲ್ಪ ಹೊತ್ತು ಇದ್ದಳು.
‘ಮೂರು ತಿಂಗಳಿಂದ ನನಗೆ ಸಂಬಳವಿಲ್ಲ’ ಅಂದಳು, ‘ಅದನ್ನ ಎಲ್ಲಿಗೆ ಬರೆಯೋದು?’
ನಾನು ಆಗಸ್ಟ್ ತಿಂಗಳನ್ನೂ ಹರಿದೆ.

ಆಮೇಲೆ ಅವಳೇ ಬೀರು ತೆರೆದು ಇಂಕ್ ಪ್ಯಾಡು ತಂದಳು,
ಹಳೇ ಅಭ್ಯಾಸ, ದ್ಯಾವಮ್ಮನ ಹೆಬ್ಬೆರಳು ಹಿಡಿದು
ನೀಲಿಗೆ ಒತ್ತಲು ಹೋದಳು.

ದ್ಯಾವಮ್ಮ ಕೈ ಎಳೆದುಕೊಂಡಳು.
ಸೆರಗಿಗೆ ಬೆರಳು ಒರೆಸಿ, ಮಂಚದ ಮೇಲೆ ಸರಿಯಾಗಿ ಕೂತು
‘ಮೊದಲು ಓದಿ ಹೇಳು’ ಅಂದಳು.