ತೆಳು ಸಂಪುಟ

ಕಪಾಟು ಖಾಲಿ ಮಾಡಿ ಅಂತ ಸುತ್ತೋಲೆ ಬಂದಿದೆ.
ಆಟೋದವರು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಈ ಆವರಣದಲ್ಲಿ
ನೆಲಮಾಳಿಗೆಯ ಆರನೇ ಸಾಲು,
ಇಂಗ್ಲೆಂಡಿನ ಭೌತಶಾಸ್ತ್ರದ ಪತ್ರಿಕೆಗಳು,
ಸ್ಕ್ಯಾನ್ ಆದ ಮೇಲೆ ರದ್ದಿಗೆ.
ನಾನು ಎತ್ತಿ ಕೊಡುತ್ತೇನೆ, ದಯಾನಿಧಿ ಗುರುತು ಹಾಕುತ್ತಾನೆ.

ಮೂವತ್ತೆಂಟು ಇಟ್ಟಿಗೆ.
ಮೂವತ್ತೊಂಬತ್ತಕ್ಕೂ ಎರಡು ಕೈ ಬೇಕು.
ನಲವತ್ತೊಂದು
ಒಂದೇ ಕೈಗೆ ಬಂತು.
ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟ ಹಾಗೆ
ಭುಜ ಬೆಪ್ಪಾಯಿತು.

ಹಿಂದಿನ ರಟ್ಟಿನ ಒಳಗೆ, ಪೆನ್ಸಿಲ್ಲಿನಲ್ಲಿ:
‘ಪುಟ ಕಳ್ದಿಲ್ಲ. ಬಂದಿದ್ದೇ ಇಷ್ಟು.
ಅಬ್ದುಲ್ ಬಾಸಿತ್, ಜಿಲ್ದ್ ಕೆಲಸ, ಬ್ರಾಡ್‌ವೇ ರಸ್ತೆ.’
ಯಾರೋ ಅನುಮಾನಪಟ್ಟಿರಬೇಕು ಪಾಪ.
ಬಿಲ್ಲೂ ಅಲ್ಲೇ, ನಾಲ್ಕು ಮಡಿಕೆಯಾಗಿ.
ದಪ್ಪದ ಮೇಲೆ ಕೂಲಿ:
ಹೋದ ವರ್ಷ ಹತ್ತಾಣೆ, ಈ ವರ್ಷ ಏಳು.

ಬಾಸಿತ್ ಸಾಹೇಬರೇ,
ನಿಮ್ಮ ಮೂರಾಣೆ ಎಲ್ಲಿಗೆ ಹೋಯಿತು ಅಂತ ನನಗೆ ಗೊತ್ತು.

ಬರ್ಮಿಂಗ್‌ಹ್ಯಾಮಿನಲ್ಲಿ ಇಬ್ಬರು,
ಊರು ಬಿಟ್ಟು ಬಂದವರು, ಜರ್ಮನ್ ನಾಲಿಗೆಯವರು,
ರೇಡಾರಿನ ಗುಟ್ಟಿನ ಹತ್ತಿರ ಬಿಟ್ಟುಕೊಳ್ಳದವರು,
ಕೈ ಖಾಲಿ ಇದ್ದದ್ದಕ್ಕೆ ಒಂದು ಲೆಕ್ಕ ಮಾಡಿದರು.
ಯುರೇನಿಯಂ ಟನ್ನುಗಟ್ಟಲೆ ಬೇಕು ಅಂತಿದ್ದರು ಎಲ್ಲ;
ಇವರ ಕಾಗದದಲ್ಲಿ ಅದು ಸೇರಿಗೆ ಇಳಿಯಿತು,
ನೀವು ಅಂಟು ಕಲಸುವ ಡಬ್ಬಿಯಷ್ಟಕ್ಕೆ.

ಆಮೇಲೆ ಒಂದು ಸಮಿತಿ.
ತಂತಿಯಲ್ಲಿ ಬಂದಿದ್ದ ಯಾರದೋ ಮನೆಯ ದಾದಿಯ ಹೆಸರನ್ನು
ಗೂಢಲಿಪಿ ಎಂದು ತಿಳಿದು ತಲೆಕೆಡಿಸಿಕೊಂಡರಂತೆ,
ಅದನ್ನೇ ಸಮಿತಿಗೂ ಇಟ್ಟರಂತೆ: ಮಾಡ್.
ನಮ್ಮ ಕಿವಿಗೆ ಅದು ಹೆಸರಲ್ಲ, ಅಪ್ಪಣೆ.
ಆಗುತ್ತದೆ, ಎಂದು ಬರೆದುಕೊಟ್ಟರು.
ಗುಟ್ಟಿಗೆ ಟ್ಯೂಬ್ ಅಲಾಯ್ಸ್ ಎಂದು ಬೋರ್ಡು,
ಎಸ್.ಪಿ. ರೋಡಿನ ಕಬ್ಬಿಣದ ಅಂಗಡಿಯ ಹಾಗೆ.
ಪತ್ರಿಕೆಗಳು ಬಾಯಿ ಕಟ್ಟಿಕೊಂಡವು.
ಇಲ್ಲಿ ನಿಮ್ಮ ಸೂಜಿಗೆ
ಹೊಲಿಯಲು ಹಾಳೆ ಸಾಲದಾಯಿತು.

ಲೆಕ್ಕ, ಕಾಗದ, ಮನುಷ್ಯರು, ಎಲ್ಲ ಕಡಲು ದಾಟಿದವು.
ಯುದ್ಧ ಮುಗಿದ ಮರುವರ್ಷ
ಆ ಕಡೆಯವರು ಕದ ಹಾಕಿ ಚಿಲಕ ಇಟ್ಟರು.

‘ಬಾಂಬ್ ಮಾಡಿದ್ದು ಅಮೆರಿಕದವರಲ್ವಾ ಮೇಡಂ?’
ಹೌದು ಕಣೋ, ಬೆನ್ನಿನ ಮೇಲೆ ಗಿಲೀಟು ಅಕ್ಷರದಲ್ಲಿ ಹಾಗೇ ಇದೆ.
ಬೆನ್ನೊಳಗಿನ ದಾರ
ಪುಸ್ತಕ ಹರಿದಾಗ ತಾನೆ ಕಾಣುವುದು.

ಅಂದೆ. ಅಂದಮೇಲೆ ನಾಚಿಕೆಯಾಯಿತು.
ನಮ್ಮ ಪಾಲು ಯಾರೂ ನೆನೆಯಲಿಲ್ಲ ಅಂತ ಕೊರಗುವವರು
ಅಲ್ಲಿ ಇದ್ದಾರು.
ಯಾವುದರ ಪಾಲು?
ಹಿರೋಷಿಮದಲ್ಲೂ ಒಬ್ಬ ಜಿಲ್ದ್‌ಗಾರ ಇದ್ದಿರಬೇಕು,
ಬೆಳಗಿನ ಎಂಟೂಕಾಲಕ್ಕೆ
ಗಂಜಿಯಂಥ ಅಂಟನ್ನು ಕೈಯಾಡಿಸುತ್ತ, ಇನ್ನೂ ಬಿಸಿ ಇದೆ ಅಂತ ಕಾಯುತ್ತ.
ಅವನ ರಟ್ಟಿನೊಳಗೆ ಯಾರೂ ಬರೆಯಲಿಲ್ಲ,
ಪುಟ ಕಳೆದಿದೆ ಎಂದು.

ನಿಮ್ಮ ಸಂಪುಟವನ್ನು ಹುಳ ಮುಟ್ಟಿಲ್ಲ, ಸಾಹೇಬರೇ.
ಅಂಚಿನಲ್ಲಿ ಮೈಲುತುತ್ತದ ಹಸಿರು ಹಾಗೇ ಇದೆ.
ವಿಷವನ್ನು ನೀವು ಅಳೆದು ಹಾಕುತ್ತಿದ್ದಿರಿ,
ಡಬ್ಬಿಗೊಂದು ಚಿಟಿಕೆ.

ಬಿಲ್ಲನ್ನು ಕೈಚೀಲಕ್ಕೆ ಹಾಕಿಕೊಂಡೆ. ಕಳ್ಳತನವೇ ಇರಬಹುದು.
ಮೂರಾಣೆ ಬಾಕಿ,
ಯಾರ ಖಾತೆಗೆ ಬರೆಯುವುದೋ ತಿಳಿಯಲಿಲ್ಲ.
‘ಮುಂದಿನದು ಮೇಡಂ,’ ಅಂದ ದಯಾನಿಧಿ.
ನಲವತ್ತೆರಡನ್ನು ಎತ್ತಿದೆ.
ಅದೂ ಹಗುರ.