ಯಾವ ಖಾನೆಗೆ

ಆ ಭಾನುವಾರ ಮುಗಿಯಿತು.
ಇಪ್ಪತ್ತೊಂದು ಕಿಲೋಮೀಟರ್, ಒಂದು ಗಂಟೆ ಐವತ್ತೆಂಟು ನಿಮಿಷ.
ಮೂರು ವರ್ಷ ನಿದ್ದೆಯಲ್ಲೂ ಎಣಿಸಿದ್ದು ಇದನ್ನೇ:
ಎರಡು ಗಂಟೆಯ ಒಳಗೆ, ಎರಡು ಗಂಟೆಯ ಒಳಗೆ.
ಪದಕ ಅವತ್ತು ರಾತ್ರಿಯೇ ರೇಡಿಯೇಟರಿನ ಮೇಲೆ
ಒದ್ದೆ ಕಾಲುಚೀಲಗಳ ಜೊತೆ ಒಣಗಿತು.

ಸೋಮವಾರ ಬೆಳಿಗ್ಗೆ ಕಾಲು ಕೇಳಿತು: ಇವತ್ತೆಲ್ಲಿಗೆ?
ನನ್ನ ಹತ್ತಿರ ಉತ್ತರವಿರಲಿಲ್ಲ.
ಮದುವೆ ಮುಗಿದ ಮನೆಯ ಹಾಗಿತ್ತು ಮೈ,
ಚಪ್ಪರ ಬಿಚ್ಚಿದ್ದಾರೆ, ಕಂಬದ ಕುಳಿ ಹಾಗೇ ಇವೆ.

ಶೆಫೀಲ್ಡಿನಲ್ಲಿ ಸಪಾಟು ಎಂಬ ಮಾತೇ ಇಲ್ಲ,
ಯಾವ ಬೀದಿಗೆ ತಿರುಗಿದರೂ ಏರು, ಇಲ್ಲ ಇಳಿಜಾರು.
ಡಾನ್ ನದಿಯ ಪಕ್ಕದ ಹಳೆಯ ಚಾಕು ಕಾರ್ಖಾನೆಯಲ್ಲಿ
ಕಬ್ಬಿಣದ ತಟ್ಟೆಗಳ ನಡುವೆ ನಿಂತು ಮೊರೀನ್ ಆಗ್ಡೆನ್
ನನ್ನ ತೋಳು ಹಿಸುಕಿ ನೋಡಿದಳು,
ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ.
"ಓಟ ನಿನ್ನನ್ನು ತಿಂದು ಹಾಕಿದೆ, ಡಾಕ್ಸ್. ಭುಜ ಎಲ್ಲಿ?"
(ದಾಕ್ಷಾಯಣಿ ಅವಳ ಬಾಯಲ್ಲಿ ಅಷ್ಟೇ ಉಳಿದಿದ್ದಾಳೆ.)
ಅವಳಿಗೆ ಅರವತ್ತಮೂರು.
ಅವಳ ಭುಜ ಅಲ್ಲೇ ಇತ್ತು.

ಗುಳೇದಗುಡ್ಡದಲ್ಲಿ ನನ್ನ ಸೋದರಮಾವ ಚನಮಲ್ಲಪ್ಪ
ಗರಡಿಯ ಮುಂದಿನ ಸಂಗ್ರಾಣಿ ಕಲ್ಲನ್ನು
ಎದೆಗೊತ್ತಿ, ಹೆಗಲಿಗೇರಿಸಿ, ಹಿಂದಕ್ಕೆ ಒಗೆಯುತ್ತಿದ್ದ.
ಅವನು ಓಡಿದ್ದನ್ನು ಮಾತ್ರ ಯಾರೂ ಕಂಡಿಲ್ಲ.
"ಓಡಾವ ಒಬ್ಬ ಕಳ್ಳ, ಇನ್ನೊಬ್ಬ ಪೊಲೀಸ.
ನಾ ಎರಡೂ ಅಲ್ಲ ಬಿಡವಾ."
ಆ ಕಲ್ಲನ್ನು ಹುಡುಗಿಯರು ಮುಟ್ಟುವ ಹಾಗಿರಲಿಲ್ಲ.
ಒಮ್ಮೆ ಮುಟ್ಟಿದ್ದೆ, ಮಧ್ಯಾಹ್ನ, ಯಾರೂ ಇಲ್ಲದಾಗ.
ಬಿಸಿ ಇತ್ತು, ಎಮ್ಮೆಯ ಬೆನ್ನಿನ ಹಾಗೆ.

ಈಗ ಆರು ವಾರ. ಫ್ರಿಜ್ಜಿನ ಮೇಲೆ ಒಂದು ಹಾಳೆ, ಎರಡು ಖಾನೆ:
ಓಟ, ಭಾರ.
ಮಂಗಳವಾರ ಬಾರ್ ಹೊತ್ತು ಕೂತೆದ್ದರೆ
ಬುಧವಾರ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತೇನೆ,
ಕಂಬಿ ಹಿಡಿದು, ಒಂದೊಂದೇ.
ಗುರುವಾರದ ಓಟಕ್ಕೆ ತೊಡೆ ನೆನೆಹಾಕಿದ ಕಡಲೆ,
ಕಾಲುವೆ ದಂಡೆಯ ಬಾತುಕೋಳಿ ಕೂಡ
ಅವಸರವಿಲ್ಲದೆ ಎದ್ದು ದಾರಿ ಬಿಡುತ್ತದೆ.
ಕಿಲೋಮೀಟರಿಗೆ ಇಪ್ಪತ್ತು ಸೆಕೆಂಡು ಹೋಯಿತು, ಎನ್ನುತ್ತದೆ ಕೈಗಡಿಯಾರ
ಸಾವಿನ ಸುದ್ದಿ ತಂದವನ ದನಿಯಲ್ಲಿ.
ಹೋದರೆ ಹೋಗಲಿ ಅನ್ನುತ್ತೇನೆ. ಮನೆಗೆ ಬಂದು
ಕಿವಿಯೋಲೆ ಕಳಕೊಂಡವಳ ಹಾಗೆ ಹುಡುಕುತ್ತೇನೆ.
ಭಾನುವಾರ ದೂರ ಓಡಿದೆನೋ, ಸೋಮವಾರ ಬಾರ್ ನೆಲ ಬಿಟ್ಟೇಳುವುದಿಲ್ಲ.
ಒಬ್ಬಳಿಗೆ ಬಡಿಸಿದರೆ ಇನ್ನೊಬ್ಬಳು ಮುನಿಸಿಕೊಂಡು ಮಲಗುತ್ತಾಳೆ.
ಮನೆ ಒಂದೇ, ಒಲೆ ಒಂದೇ, ಹಿಟ್ಟು ಇದ್ದಷ್ಟೇ.

ಹಿಟ್ಟು ಅಂದೆನಲ್ಲ.
ಇವತ್ತು ಟ್ರ್ಯಾಮಿನಲ್ಲಿ ಟಿಕೆಟ್ ಕೊಡುವ ಪಾಳಿ ನನ್ನದು.
ಕೊನೆಯ ನಿಲ್ದಾಣದಲ್ಲಿ ಸೀಟಿನ ಕೆಳಗೆ ಒಂದು ಚೀಲ ಉಳಿದಿತ್ತು,
ಹತ್ತು ಕಿಲೋ ಚಪಾತಿ ಹಿಟ್ಟು.
ಆಚೆ ಬೂದು ಕೋಟಿನ ಮುದುಕ ಏರು ಹತ್ತುತ್ತಿದ್ದ.
ಕೂಗಿದೆ. ಜಡಿಮಳೆ. ಕೇಳಲಿಲ್ಲ.
ಚೀಲ ಎದೆಗೊತ್ತಿ, ಹೆಗಲಿಗೇರಿಸಿ,
ಯೋಚಿಸುವ ಮೊದಲೇ ಓಡುತ್ತಿದ್ದೆ,
ಸಮವಸ್ತ್ರದ ಬೂಟಿನಲ್ಲಿ, ಕೊರಳಲ್ಲಿ ಟಿಕೆಟ್ ಯಂತ್ರ ಕುಣಿಯುತ್ತ.
ಕಾಲು ಭುಜವನ್ನು ಕೇಳಲಿಲ್ಲ, ಇದು ಯಾರ ವಾರ ಎಂದು.
ಮುದುಕ ತಿರುಗಿದ. ಚೀಲ ನೋಡಿದ. ನನ್ನ ನೋಡಿದ.
"ಅದು ನನ್ನದಲ್ಲವಲ್ಲಮ್ಮ."
ಕೆಳಗೆ ಸಮೀರಾ ಟ್ರ್ಯಾಮಿನ ಗಂಟೆ ಬಾರಿಸುತ್ತಿದ್ದಳು, ಎರಡು ನಿಮಿಷ ತಡ.
ಅದೇ ಹಿಟ್ಟು, ಅದೇ ಹೆಗಲು, ಈಗ ಇಳಿಜಾರು.
ನಗು ಬಂದು, ಹೊಟ್ಟೆ ಹಿಡಿದುಕೊಳ್ಳಲು ಕೈ ಖಾಲಿ ಇರಲಿಲ್ಲ.

ರಾತ್ರಿ ಪೆನ್ಸಿಲ್ ಹಿಡಿದು ಫ್ರಿಜ್ಜಿನ ಮುಂದೆ ನಿಂತೆ.
ಓಟಕ್ಕೆ ಬರೆದರೆ ಭಾರ ಸುಳ್ಳಾಗುತ್ತದೆ,
ಭಾರಕ್ಕೆ ಬರೆದರೆ ಆ ಏರು.
ನಡುವಿನ ಗೆರೆಯ ಮೇಲೆಯೇ ಗೀಚಿದೆ: ಹಿಟ್ಟು.
ಕೆಳಗೆ ಚಿಕ್ಕದಾಗಿ: ನನ್ನದಲ್ಲ.

ಎಡ ಮೊಣಕಾಲು ಏನೋ ಗುನುಗುತ್ತಿದೆ.
ಬೂಟಿನ ದಾರ ಸಡಿಲಿಸಿ ಬಾಗಿಲ ಬಳಿ ಇಟ್ಟಿದ್ದೇನೆ.
ರೇಡಿಯೇಟರಿನ ಮೇಲೆ ಪದಕ ಸರಿಸಿ
ಕಾಲುಚೀಲಗಳಿಗೆ ಜಾಗ ಮಾಡಿದೆ.