ವರ್ಗಾವಣೆ

ಡುಲೂತ್‌ನಲ್ಲಿ ಜನವರಿ. ಲಕೋಟೆಯ ಕಿಟಕಿಯಿಂದ
ಐಲಾ ಕಿವೆಲಾಳ ಹೆಸರು ಇಣುಕುತ್ತಿದೆ:
ನಿಮಗೆ ಆಗಲೇ ಮಂಜೂರಾಗಿದೆ.
ಕೇಳದೆ ಮಂಜೂರಾದದ್ದು ಅವಳ ಬಾಳಲ್ಲಿ ಇದೊಂದೇ.

ಹದಿನೆಂಟು ತಿಂಗಳು ಬಡ್ಡಿಯಿಲ್ಲ.
ಹಳೇ ಕಾರ್ಡಿನ ಸಾಲ ಈ ಕಾರ್ಡಿಗೆ ವರ್ಗ,
ನೂರಕ್ಕೆ ಮೂರು ಸಾಗಣೆ ಖರ್ಚು.
ಸಾಲಕ್ಕೂ ವರ್ಗವಾಗುತ್ತದೆ, ಗುಮಾಸ್ತನಿಗೆ ಆಗುವ ಹಾಗೆ:
ಹಾಸಿಗೆ ಸುತ್ತಿ, ಟ್ರಂಕಿಗೆ ಬೀಗ ಜಡಿದು
ಹೊಸ ಊರಲ್ಲಿ ಇಳಿದರೆ
ಅದೇ ಮುಖ.

ಲಕೋಟೆಯ ಬೆನ್ನಿಗೆ ಪೆನ್ಸಿಲ್ ಲೆಕ್ಕ.
ಆರು ಸಾವಿರದ ನಾನೂರು ಡಾಲರು:
ಕೆಟ್ಟ ಫರ್ನೇಸು, ದವಡೆ ಹಲ್ಲು, ನಾಯಿಯ ಮಂಡಿ.
ನಾಯಿ ಹೋಗಿ ವರ್ಷವಾಯಿತು;
ಮಂಡಿಯ ಬಡ್ಡಿ ಇನ್ನೂ ಓಡುತ್ತಿದೆ.

ತಿಂಗಳಿಗೆ ಮುನ್ನೂರ ಅರವತ್ತಾರು
ತಪ್ಪದೆ ಕಟ್ಟಿದರೆ
ಗೆದ್ದಳು.
ಎಷ್ಟು ಸಲ ಕೂಡಿದರೂ ಲೆಕ್ಕ ಸರಿ,
ಆ 'ರೆ' ಒಂದು ಬಿಟ್ಟು.

ಹಳೇ ಕಾರ್ಡು ಫ್ರೀಜರಿನಲ್ಲಿದೆ,
ಐಸ್‌ಕ್ರೀಮ್ ಡಬ್ಬಿಯ ನೀರಲ್ಲಿ ಕಲ್ಲಾಗಿ.
ಅಂಗಡಿಯಲ್ಲಿ ಕೈ ತಡೆಯಲೆಂದು
ಅವಳೇ ಹೂತಿಟ್ಟದ್ದು.
ರಾತ್ರಿ ಅದನ್ನು ಮೇಜಿಗೆ ತಂದಿಟ್ಟಳು:
ಕರಗುವಷ್ಟರಲ್ಲಿ ತೀರ್ಮಾನ ಮಾಡಿಬಿಡುತ್ತೇನೆ.

ಗ್ಯಾಸಿನ ಬಿಲ್ಲಿಗೆ ಹೆದರಿ ಹೀಟರ್ ತಗ್ಗಿಸಿದ ಮನೆ;
ಎಲ್ಲಿಂದ ಕರಗಬೇಕು.
ಡಯಾಲಿಸಿಸ್ ಪಾಳಿಗೆಂದು ಐದಕ್ಕೆ ಎದ್ದಾಗ
ಕಾರ್ಡಿನ ಒಂದು ಮೂಲೆ ಮಾತ್ರ ಹೊರಬಂದಿತ್ತು:
ಅವಧಿ ಮುಗಿಯುವ ತಿಂಗಳು, ವರ್ಷ.

ಒಂದು ಬೂಟು ಹಾಕಿ
ಇನ್ನೊಂದು ಕೈಯಲ್ಲಿ ಹಿಡಿದು ಕೂತಳು.

ಸಹಿ ಹಾಕಿದಳು.
ಆಮೇಲೆ ಸಿಂಕಿನಡಿಯಿಂದ
ಇನ್ನೊಂದು ಡಬ್ಬಿ ಹುಡುಕಿ ತೆಗೆದು,
ತೊಳೆದು,
ಮುಕ್ಕಾಲು ನೀರು ತುಂಬಿಟ್ಟಳು.